ಮಿಂದು ಇಳಿಯುವ ನೀರು

ನಮ್ಮ ಕಡೆ ‘ನೀರು ಹಿಡಿಸಲಿಲ್ಲ’ ಎಂಬ ಮಾತೊಂದಿದೆ. ಘಟ್ಟದ ಮೇಲಿಂದ ಮದುವೆಯಾಗಿ ಬಂದ ಹುಡುಗಿಗೆ ಮೊದಲ ಮಳೆಗಾಲದಲ್ಲಿ ಶೀತ ಹಿಡಿದುಕೊಂಡರೆ, ಬೊಂಬಾಯಿಯಿಂದ ರಜೆಗೆ ಬಂದ ಮಕ್ಕಳ ಮೈಮೇಲೆ ಬೊಕ್ಕೆ ಎದ್ದರೆ, ಹಾಸ್ಟೆಲಿಗೆ ಸೇರಿದ ಹುಡುಗನ ಕೂದಲು ಉದುರಿದರೆ, ಎಲ್ಲದಕ್ಕೂ ಹಿರಿಯರು ಕೊಡುವ ಕಾರಣ ಅದೊಂದೇ. ಆ ಮಾತು ಯಾರನ್ನೂ ದೂರುವುದಿಲ್ಲ. ನೀರಿಗೂ ಮೈಗೂ ಇನ್ನೂ ಪರಿಚಯ ಆಗಿಲ್ಲ, ಸ್ವಲ್ಪ ದಿನ ಕಳೆದರೆ ಸರಿಹೋಗುತ್ತದೆ ಎಂಬ ಸಮಾಧಾನವೂ ಅದರಲ್ಲಿದೆ.

ಈಜುಕೊಳದ ನೀರು ನನಗೆ ಹಿಡಿಸದೆ ಹೋದಾಗ ಮಾತ್ರ ಯಾರೂ ಈ ಮಾತನ್ನು ಹೇಳಲಿಲ್ಲ. ಎಲ್ಲರ ಬಾಯಲ್ಲೂ ಬಂದದ್ದು ‘ಅಲರ್ಜಿ’. ಹಾಗೆಂದ ಕೂಡಲೇ ವಿಷಯ ಮುಗಿದುಹೋಗುತ್ತದೆ. ಉಳಿದವರಿಗೆ ಆಗದ್ದು ನಿನಗೆ ಆಗುತ್ತಿದೆ, ನಿನ್ನ ಮೈ ಹಾಗೆ, ಬಿಟ್ಟುಬಿಡು. ಅಮ್ಮನಂತೂ ನನ್ನ ಕುತ್ತಿಗೆಯ ಕೆಂಪು ಗೀರುಗಳನ್ನು ನೋಡಿ, “ಎಂತ ಮಾರಾಯ್ತಿ, ದುಡ್ಡು ಕೊಟ್ಟು ಕಜ್ಜಿ ತಕೊಂಡು ಬರುದಾ?” ಎಂದಳು.

ಬಿಡುವುದು ಸುಲಭವಿರಲಿಲ್ಲ. ಕೆಮ್ಮಣ್ಣಿನಲ್ಲಿ ಹುಟ್ಟಿ ಬೆಳೆದವರಿಗೆ ನೀರು ಎಂದರೆ ಮನೆಯ ಹಿತ್ತಲಿದ್ದ ಹಾಗೆ. ಸುವರ್ಣಾ ನದಿ ಇಲ್ಲಿಗೆ ಬರುವ ಹೊತ್ತಿಗೆ ಅಗಲವಾಗಿ, ಉಪ್ಪಾಗಿ, ಕುದ್ರುಗಳ ನಡುವೆ ಕವಲೊಡೆದು, ಉಬ್ಬರ ಇಳಿತಕ್ಕೆ ತಕ್ಕಂತೆ ಹಿಂದೆ ಮುಂದೆ ಸರಿಯುತ್ತಿರುತ್ತದೆ. ಮುಂದೆ ಕೋಡಿಬೆಂಗ್ರೆಯ ಹತ್ತಿರ ಸೀತಾ ನದಿಯನ್ನೂ ಕೂಡಿಕೊಂಡು ಕಡಲಿಗೆ ಸೇರುತ್ತದೆ. ತಿಮ್ಮಣ್ಣ ಕುದ್ರುವಿನ ತೂಗುಸೇತುವೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳಲು ಬರುವವರಿಗೆ ಇದೆಲ್ಲ ಚಂದದ ನೋಟ. ಇಲ್ಲಿನವರಿಗೆ ಇದು ಮರುವಾಯಿ ಹೆಕ್ಕುವ, ಬಲೆ ಬೀಸುವ, ದೋಣಿ ದಾಟಿಸುವ ಜಾಗ. ಸೊಂಟದ ತನಕ ನೀರಿನಲ್ಲಿ ಗಂಟೆಗಟ್ಟಲೆ ನಿಂತು ಮರುವಾಯಿ ತೆಗೆಯುವ ಹೆಂಗಸರ ಕೈಕಾಲಿನ ಬೆರಳ ಸಂದು ಬಿರಿದು ಬೆಳ್ಳಗಾಗಿರುವುದನ್ನು ನೋಡುತ್ತಲೇ ನಾವು ಬೆಳೆದದ್ದು. ನೀರು ಚರ್ಮದಿಂದ ಏನನ್ನೋ ತೆಗೆದುಕೊಳ್ಳುತ್ತದೆ ಎನ್ನುವುದು ನಮಗೆ ಹೊಸ ಸುದ್ದಿಯಲ್ಲ.

ಆದರೂ ಇಷ್ಟೊಂದು ನೀರಿನ ಪಕ್ಕದಲ್ಲಿ ಈಜು ಕಲಿತವರು ಹುಡುಗರು ಮಾತ್ರ. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ಕಟ್ಟಿ, ನಡುವೆ ಹೊಟ್ಟೆ ಕೊಟ್ಟು ಮಲಗಿಸಿ, ಮಾವಂದಿರು ಅವರನ್ನು ನೀರಿಗೆ ತಳ್ಳುತ್ತಿದ್ದರು. ನಾವು ಹುಡುಗಿಯರು ದಡದಲ್ಲಿ ಅವರ ಅಂಗಿ ಕಾಯುತ್ತಿದ್ದೆವು. ಇಪ್ಪತ್ತೇಳರ ಹೊತ್ತಿಗೆ ಪ್ರಬಂಧದ ಕೆಲಸದಲ್ಲಿ ಕುತ್ತಿಗೆ ಮತ್ತು ಹೆಗಲು ಹಿಡಿದುಕೊಂಡು, ಫಿಸಿಯೋಥೆರಪಿಯವರು “ಈಜಿದರೆ ಒಳ್ಳೆಯದು” ಎಂದಾಗ ನನಗೆ ನೋವಿಗಿಂತ ಮೊದಲು ನೆನಪಾದದ್ದು ಆ ದಡವೇ. ನದಿಗೆ ಇಳಿದು ಕಲಿಯುವ ಕಾಲ ಈಗ ಉಳಿದಿಲ್ಲ. ಮರಳು ತೆಗೆದ ಕಡೆ ಎಲ್ಲಿ ಹೊಂಡವಿದೆಯೋ ಹೇಳಲಾಗದು. ಕಡಲಂತೂ ಮಳೆಗಾಲದಲ್ಲಿ ಹತ್ತಿರಕ್ಕೂ ಬಿಡದು. ಹಾಗಾಗಿ ಉಡುಪಿ ಸುತ್ತಿನ ಒಂದು ಮಾಡು ಹಾಕಿದ ಈಜುಕೊಳಕ್ಕೆ, ಮಕ್ಕಳ ಬ್ಯಾಚಿನ ನಂತರದ ಹೊತ್ತಿಗೆ, ತಿಂಗಳ ಶುಲ್ಕ ಕಟ್ಟಿ ಸೇರಿದೆ.

ಮೂರನೇ ವಾರಕ್ಕೆ ನೀರಿನ ಮೇಲೆ ತೇಲುವುದು ಬಂತು. ಅದೇ ವಾರ ತುರಿಕೆಯೂ ಶುರುವಾಯಿತು. ಕುತ್ತಿಗೆ, ಮೊಣಕಾಲಿನ ಹಿಂಭಾಗ, ಈಜುಡುಗೆಯ ಪಟ್ಟಿ ಕೂರುವ ಜಾಗ. ಕಣ್ಣು ಕೆಂಪಾಗಿ, ಬಸ್ಸಿನಲ್ಲಿ ಎದುರು ಕೂತವರು “ಯಾಕೆ, ಅತ್ತಿದ್ದಾ?” ಎಂದು ಕೇಳುವಂತಾಯಿತು. ರಾತ್ರಿ ಹತ್ತರ ನಂತರ ಸಾಲಾಗಿ ಸೀನು. ಬೆಳಿಗ್ಗೆ ಮೂಗು ಕಟ್ಟಿ, ತಲೆ ಭಾರ. ಎರಡು ದಿನ ಕೊಳಕ್ಕೆ ಹೋಗದಿದ್ದರೆ ಎಲ್ಲ ಇಳಿಯುತ್ತಿತ್ತು. ಹೋದರೆ ಮತ್ತೆ ಅದೇ.

ಚರ್ಮದ ವೈದ್ಯರು ಕೆಂಪಾದ ಜಾಗಗಳನ್ನು ನೋಡಿ, ಎಷ್ಟು ಹೊತ್ತಿಗೆ ಏಳುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ, ಮನೆಯ ನಲ್ಲಿ ನೀರಿಗೆ ಆಗುತ್ತದೆಯೇ, ಮಗುವಿದ್ದಾಗ ಉಬ್ಬಸವಿತ್ತೇ ಎಂದೆಲ್ಲ ಕೇಳಿದರು. ಕೊನೆಗೆ ಹೇಳಿದ್ದು ಇಷ್ಟು: “ಇದು ಅಲರ್ಜಿ ಹಾಗೆ ಕಾಣ್ತದೆ, ಅಲರ್ಜಿ ಅಲ್ಲ. ಕೆರಳುವುದು.”

ಪದಗಳ ಹಿಂದೆ ಹೋಗುವುದು ನನ್ನ ಕೆಲಸವಾದ್ದರಿಂದ ಆ ವ್ಯತ್ಯಾಸ ಮನಸ್ಸಿನಲ್ಲಿ ಕೂತಿತು. ‘ಅಲರ್ಜಿ’ ಹಳೆಯ ಪದವೇನಲ್ಲ. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಗ್ರೀಕಿನ ‘ಬೇರೆ’ ಮತ್ತು ‘ಕೆಲಸ’ ಎಂಬರ್ಥದ ಎರಡು ಪದಗಳನ್ನು ಸೇರಿಸಿ ಅದನ್ನು ಕಟ್ಟಿದರು. ನಿಜವಾದ ಅಲರ್ಜಿಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಯಾವುದೋ ನಿರುಪದ್ರವಿ ವಸ್ತುವನ್ನು ಶತ್ರುವೆಂದು ಗುರುತಿಟ್ಟುಕೊಂಡಿರುತ್ತದೆ. ಸಿಗಡಿ ಆಗದವರಿಗೆ ಒಂದು ತುಂಡು ಸಿಗಡಿಯೇ ಸಾಕು. ಕೆರಳಿಕೆ ಹಾಗಲ್ಲ. ಅಲ್ಲಿ ವಸ್ತುವೇ ಚರ್ಮವನ್ನೋ ಮೂಗಿನ ಒಳಪದರವನ್ನೋ ನೇರವಾಗಿ ಕೆದಕುತ್ತದೆ. ಪ್ರಮಾಣ ಹೆಚ್ಚಾದರೆ, ಹೊತ್ತು ಹೆಚ್ಚಾದರೆ ಯಾರಿಗೂ ಆದೀತು. ಕೆಲವರಿಗೆ ಬೇಗ, ಕೆಲವರಿಗೆ ತಡವಾಗಿ. ಕ್ಲೋರಿನ್‌ಗೆ ನಿಜವಾದ ಅಲರ್ಜಿ ತೀರಾ ಅಪರೂಪವಂತೆ. ಕೊಳದಿಂದ ಬಂದವರಲ್ಲಿ ಅಲರ್ಜಿಯೇ ಇದ್ದರೆ ಬಹಳ ಸಲ ಅದು ಕನ್ನಡಕದ ಅಂಚಿನ ಅಥವಾ ಟೋಪಿಯ ರಬ್ಬರಿನದ್ದು. ಕಣ್ಣಿನ ಸುತ್ತ ಕನ್ನಡಕದ ಆಕಾರದಲ್ಲೇ ಕೆಂಪು ಎದ್ದಿದ್ದರೆ ಆ ಅನುಮಾನ ಪಡಬೇಕು. ನನ್ನದು ಹಾಗಿರಲಿಲ್ಲ.

ಹಾಗಾದರೆ ಕೆರಳಿಸುತ್ತಿದ್ದದ್ದು ಯಾವುದು? ಬಾಗಿಲು ದಾಟುತ್ತಿದ್ದಂತೆ ಮೂಗಿಗೆ ಹೊಡೆಯುವ ಆ ವಾಸನೆಯನ್ನು ನಾವೆಲ್ಲ ‘ಕ್ಲೋರಿನ್ ವಾಸನೆ’ ಎನ್ನುತ್ತೇವೆ. ಹೆಚ್ಚು ವಾಸನೆ ಬಂದರೆ ಹೆಚ್ಚು ಮದ್ದು ಹಾಕಿದ್ದಾರೆ, ನೀರು ಅಷ್ಟು ಶುದ್ಧವಿದೆ ಎಂದು ನಂಬುತ್ತೇವೆ. ರಸಾಯನಶಾಸ್ತ್ರ ಹೇಳುವುದು ಬಹುಮಟ್ಟಿಗೆ ಇದಕ್ಕೆ ತಿರುಗಾಮುರುಗ. ಚೆನ್ನಾಗಿ ನೋಡಿಕೊಂಡ ಕೊಳಕ್ಕೆ ಅಷ್ಟು ವಾಸನೆ ಇರುವುದಿಲ್ಲ. ನೀರಿಗೆ ಹಾಕಿದ ಕ್ಲೋರಿನ್ ನಮ್ಮ ಬೆವರು, ಮೂತ್ರ, ಎಣ್ಣೆ, ಕ್ರೀಮುಗಳ ಜೊತೆ ಸೇರಿದಾಗ, ಮುಖ್ಯವಾಗಿ ಬೆವರು ಮತ್ತು ಮೂತ್ರದಲ್ಲಿರುವ ಯೂರಿಯಾ, ಅಮೋನಿಯಾಗಳ ಜೊತೆ ಸೇರಿದಾಗ, ಕ್ಲೋರಮೈನ್‌ಗಳು ಹುಟ್ಟುತ್ತವೆ. ಅವುಗಳಲ್ಲಿ ಟ್ರೈಕ್ಲೋರಮೈನ್ ಎಂಬುದು ನೀರಿನಲ್ಲಿ ಹೆಚ್ಚು ಹೊತ್ತು ನಿಲ್ಲದೆ ಗಾಳಿಗೆ ಏಳುತ್ತದೆ. ನೀರಿನ ಮೇಲ್ಮೈಗೆ ಅಂಟಿದ ಹಾಗೆ ನಿಲ್ಲುತ್ತದೆ. ಈಜುವವರು ತಲೆ ಹೊರಳಿಸಿ ಬಾಯಿ ತೆರೆದು ಉಸಿರೆಳೆಯುವುದು ಅಲ್ಲಿಯೇ. ಮಾಡು ಇದ್ದು, ಗಾಳಿ ಆಡದಿದ್ದರೆ ಅದು ಇನ್ನಷ್ಟು ದಟ್ಟವಾಗುತ್ತದೆ.

ಅಂದರೆ ಆ ವಾಸನೆ ಕೆಲಸ ಮಾಡಲು ಕಾದಿರುವ ಮದ್ದಿನದ್ದಲ್ಲ. ನಮ್ಮೆಲ್ಲರ ಮೈಯನ್ನು ತೊಳೆದು ಮುಗಿಸಿದ ಮದ್ದಿನದ್ದು.

2017ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಅಳೆಯಲು ಒಂದು ಉಪಾಯ ಹುಡುಕಿದರು. ತಂಪು ಪಾನೀಯಗಳಲ್ಲಿ ಬಳಸುವ ಅಸೆಸಲ್ಫೇಮ್ ಎಂಬ ಕೃತಕ ಸಿಹಿ ಮೈಯಲ್ಲಿ ಕರಗದೆ ಹಾಗೆಯೇ ಮೂತ್ರದಲ್ಲಿ ಹೊರಬರುತ್ತದೆ. ಕೊಳದ ನೀರಿನಲ್ಲಿ ಅದು ಎಷ್ಟಿದೆ ಎಂದು ನೋಡಿದರೆ ಮೂತ್ರದ ಅಂದಾಜು ಸಿಗುತ್ತದೆ. ಸುಮಾರು 8.3 ಲಕ್ಷ ಲೀಟರಿನ ಒಂದು ಕೊಳದಲ್ಲಿ ಅವರಿಗೆ ಸಿಕ್ಕ ಲೆಕ್ಕ 75 ಲೀಟರ್. ಇದನ್ನು ಓದಿದ ಗೆಳತಿ ಒಬ್ಬಳು ಅಂದೇ ಈಜು ಬಿಟ್ಟಳು. ನನಗೆ ಬೇರೆ ಯೋಚನೆ ಬಂತು. ಅಷ್ಟು ದಿನ ನನ್ನ ಚರ್ಮದ ದೌರ್ಬಲ್ಯ ಎಂದು ಎಲ್ಲರೂ ಹೇಳುತ್ತಿದ್ದದ್ದು ನನ್ನೊಬ್ಬಳದ್ದಾಗಿರಲಿಲ್ಲ. ಆ ಕೊಳಕ್ಕೆ ಇಳಿದ ಎಲ್ಲರ ಪಾಲೂ ಅದರಲ್ಲಿತ್ತು. ನನ್ನ ಪಾಲೂ.

ಇದರಿಂದ ಕ್ಲೋರಿನ್ ಬೇಡ ಎಂಬ ತೀರ್ಮಾನಕ್ಕೆ ಬರುವಂತಿಲ್ಲ. 1908ರಲ್ಲಿ ಅಮೆರಿಕದ ಜೆರ್ಸಿ ಸಿಟಿಯಲ್ಲಿ ಊರಿನ ಕುಡಿಯುವ ನೀರಿಗೆ ನಿರಂತರವಾಗಿ ಕ್ಲೋರಿನ್ ಹಾಕಲು ಶುರುಮಾಡಿದ ಮೇಲೆ, ವಿಷಮಶೀತ ಜ್ವರದಂಥ ಕಾಯಿಲೆಗಳು ನಗರಗಳಲ್ಲಿ ಹಿಂದೆ ಸರಿದ ಕತೆ ದೊಡ್ಡದು. ಉಡುಪಿ ನಗರದ ನಲ್ಲಿಗೆ ಬರುವುದೂ ನಮ್ಮ ಸುವರ್ಣೆಯೇ. ಬಜೆ ಅಣೆಕಟ್ಟಿನಲ್ಲಿ ತಡೆದು, ಶುದ್ಧೀಕರಿಸಿ ಕೊಟ್ಟ ನೀರು. 2024ರಲ್ಲಿ ಉತ್ತರ ಕೇರಳದಲ್ಲಿ ಕೆರೆ, ಹೊಳೆಗಳಲ್ಲಿ ಮಿಂದ ಮಕ್ಕಳು ಮೂಗಿನ ಮೂಲಕ ಮೆದುಳಿಗೆ ಏರುವ ಅಮೀಬಾದಿಂದ ತೀರಿಕೊಂಡ ಸುದ್ದಿ ಕಾಸರಗೋಡು ದಾಟಿ ನಮ್ಮಲ್ಲಿಗೂ ಬಂದಿತ್ತು. ಕ್ಲೋರಿನ್ ಸರಿಯಾಗಿರುವ ನೀರಿನಲ್ಲಿ ಆ ಭಯ ಇಲ್ಲ. ಕೊಳದ ಗಾಳಿಯ ಬಗ್ಗೆಯೂ ವಿಜ್ಞಾನಿಗಳಲ್ಲಿ ಒಂದೇ ಮಾತಿಲ್ಲ. 2003ರಲ್ಲಿ ಬೆಲ್ಜಿಯಮ್ಮಿನ ಆಲ್ಫ್ರೆಡ್ ಬರ್ನಾರ್ಡ್ ಮತ್ತು ಸಂಗಡಿಗರು ಮುಚ್ಚಿದ ಕೊಳಗಳ ಟ್ರೈಕ್ಲೋರಮೈನ್‌ಗೂ ಮಕ್ಕಳ ಶ್ವಾಸಕೋಶದ ಒಳಪದರ ಸವೆಯುವುದಕ್ಕೂ, ಉಬ್ಬಸಕ್ಕೂ ಸಂಬಂಧವಿರಬಹುದು ಎಂದರು. 2011ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಲಿನ ಐದು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದ ಅಧ್ಯಯನವೊಂದು, ಈಜಿನಿಂದ ಉಬ್ಬಸ ಹೆಚ್ಚಿದ್ದು ಕಾಣಲಿಲ್ಲ, ಈಜುವ ಮಕ್ಕಳ ಉಸಿರಾಟವೇ ಚೆನ್ನಾಗಿತ್ತು ಎಂದಿತು. ಒಟ್ಟಿನಲ್ಲಿ ಈಜು ಒಳ್ಳೆಯದು, ಗಾಳಿ ಮುಖ್ಯ, ಎದೆಯಲ್ಲಿ ಸುಯ್ಗುಡುವ ಸದ್ದು ಬಂದರೆ ಮಾತ್ರ ತಡ ಮಾಡದೆ ವೈದ್ಯರನ್ನು ನೋಡಬೇಕು.

ವೈದ್ಯರು ಹೇಳಿದ್ದನ್ನೂ ನಾನು ಓದಿಕೊಂಡದ್ದನ್ನೂ ಸೇರಿಸಿ ಒಂದು ಪದ್ಧತಿ ಮಾಡಿಕೊಂಡೆ. ಇಳಿಯುವ ಮೊದಲು ಬರಿಯ ನೀರಿನಲ್ಲಿ ತಲೆಯಿಂದ ಕಾಲಿನ ತನಕ ಒಂದು ನಿಮಿಷ ತೊಳೆದುಕೊಳ್ಳುವುದು. ಆಗಲೇ ಒದ್ದೆಯಾದ ಕೂದಲು ಕೊಳದ ನೀರನ್ನು ಅಷ್ಟಾಗಿ ಹೀರುವುದಿಲ್ಲ. ಮೂಗಿಗೆ ಕ್ಲಿಪ್ಪು, ಕಣ್ಣಿಗೆ ಬಿಗಿಯಾದ ಕನ್ನಡಕ. ಹೊರಗೆ ಬಂದ ಕೂಡಲೇ ಹದ ಬೆಚ್ಚಗಿನ ನೀರಿನಲ್ಲಿ ಸೌಮ್ಯ ಸೋಪು ಹಾಕಿ ಮೀಯುವುದು. ಬಿಸಿ ಬಿಸಿ ನೀರು ಹಿತವೆನಿಸಿದರೂ ತುರಿಕೆ ಹೆಚ್ಚಿಸುತ್ತದೆ. ಉಜ್ಜದೆ ಒತ್ತಿ ಒರೆಸಿಕೊಂಡು, ಚರ್ಮ ಇನ್ನೂ ಸ್ವಲ್ಪ ತೇವವಿರುವಾಗಲೇ ಎಣ್ಣೆಯನ್ನೋ ಮುಲಾಮನ್ನೋ ಹಚ್ಚುವುದು. ಮನೆಗೆ ಬಂದು ಮೂಗನ್ನು ಉಪ್ಪುನೀರಿನಲ್ಲಿ ತೊಳೆಯುವುದು, ಅದೂ ಕುದಿಸಿ ಆರಿಸಿದ ನೀರಿನಲ್ಲಿ ಮಾತ್ರ.

ಇಲ್ಲಿ ಅಮ್ಮನಿಗೂ ನನಗೂ ಒಂದು ವಾದ ಹುಟ್ಟಿತು. “ಇಳಿಯುವ ಮೊದಲೇ ಮೈಗೆ ತೆಂಗಿನೆಣ್ಣೆ ಹಾಕು, ನೀರು ತಾಗುದೇ ಇಲ್ಲ” ಎನ್ನುವುದು ಅವಳ ಮದ್ದು. ಮರುವಾಯಿಗೆ ಇಳಿಯುವವರಿಗೆ ಅದು ಸರಿಯಾದ ಮದ್ದೇ. ಹರಿಯುವ ಹೊಳೆ ಒಬ್ಬರ ಮೈಯ ಎಣ್ಣೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಕಟ್ಟಿ ನಿಲ್ಲಿಸಿದ ಕೊಳದಲ್ಲಿ ಹಾಗಲ್ಲ. ನನ್ನ ಚರ್ಮವನ್ನು ಕಾಯುವ ಆ ಎಣ್ಣೆ ನೀರಿಗೆ ಇಳಿದು ಕ್ಲೋರಿನನ್ನು ತಿನ್ನುತ್ತದೆ, ಶೋಧಕಕ್ಕೆ ಅಂಟುತ್ತದೆ, ಮುಂದಿನವರಿಗೆ ಉರಿಯಾಗುತ್ತದೆ. ಇಳಿಯುವ ಮೊದಲಿನ ಎಣ್ಣೆಯನ್ನು ನಾನು ಬಿಟ್ಟೆ. ಅಮ್ಮನಿಗೆ ಇದು ಅರ್ಥವಾಗಲಿಲ್ಲ ಎನ್ನಲಾರೆ. “ಊರಿನವರ ಮೈ ನೀನು ಕಾಯಿ, ನಿನ್ನ ಮೈ ಯಾರು ಕಾಯುದು?” ಎಂದು ಕೇಳಿದಳು. ಈ ವಿಷಯದಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಎಲ್ಲಿಯೂ ಓದಿಲ್ಲ.

ಏಕೆಂದರೆ ಇಷ್ಟೆಲ್ಲ ಮಾಡಿದ ಮೇಲೆ ಚರ್ಮದ ತುರಿಕೆ ಮುಕ್ಕಾಲು ಪಾಲು ಇಳಿಯಿತು, ಸೀನು ಇಳಿಯಲಿಲ್ಲ. ಚರ್ಮವನ್ನು ನಾನು ತೊಳೆದುಕೊಳ್ಳಬಹುದು, ಗಾಳಿಯನ್ನು ಹೇಗೆ ತೊಳೆಯಲಿ? ನೀರು ಪರೀಕ್ಷಿಸುವ ಕಾಗದದ ಪಟ್ಟಿಗಳನ್ನು ತರಿಸಿಕೊಂಡೆ. ಮುಕ್ತವಾಗಿ ಉಳಿದ ಕ್ಲೋರಿನ್ ಎಷ್ಟು, ಒಟ್ಟು ಎಷ್ಟು, ಪಿಎಚ್ ಎಷ್ಟು ಎಂದು ಬಣ್ಣದಲ್ಲಿ ಹೇಳುತ್ತವೆ. ಒಟ್ಟರಲ್ಲಿ ಮುಕ್ತವನ್ನು ಕಳೆದರೆ ಉಳಿಯುವುದೇ ಕ್ಲೋರಮೈನ್ ಆಗಿ ಕಟ್ಟಿಕೊಂಡ ಪಾಲು. ಮುಕ್ತ ಕ್ಲೋರಿನ್ ಕನಿಷ್ಠ 1 ಪಿಪಿಎಂ, ಪಿಎಚ್ 7ರಿಂದ 7.8ರ ಒಳಗೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ವಾರದ ನಡುವಿನ ಬೆಳಗುಗಳಲ್ಲಿ ಮುಕ್ತ ಮತ್ತು ಒಟ್ಟು ಎರಡೂ ಬಣ್ಣ ಹತ್ತಿರ ಹತ್ತಿರ ಇರುತ್ತಿದ್ದವು. ಭಾನುವಾರ ಸಂಜೆ ಒಟ್ಟಿನ ಬಣ್ಣ ಕಡುವಾಗಿ, ಮುಕ್ತದ ಬಣ್ಣ ಮಂಕಾಗಿರುತ್ತಿತ್ತು. ನನ್ನ ಸೀನಿನ ರಾತ್ರಿಗಳೂ ಅವೇ.

ಪಟ್ಟಿಗಳನ್ನು ಕೋಚ್‌ಗೆ ತೋರಿಸಿದೆ. ಅವರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ದಿನಕ್ಕೆ ಏಳೆಂಟು ಗಂಟೆ ಆ ಗಾಳಿಯಲ್ಲಿ ನಿಂತು ಅವರ ಧ್ವನಿಯೇ ಒಡೆದಿತ್ತು. “ಶವರ್ ಇದೆ ಮೇಡಂ, ಬೋರ್ಡೂ ಇದೆ. ಹೇಳಿದ್ರೆ ಯಾರು ಕೇಳ್ತಾರೆ? ಮನೆಯಲ್ಲಿ ಸ್ನಾನ ಮಾಡಿಯೇ ಬಂದದ್ದು ಅಂತಾರೆ.” ಅಷ್ಟರಲ್ಲಿ ಪಕ್ಕದಲ್ಲಿದ್ದ ಹಿರಿಯರೊಬ್ಬರು, “ನಾವು ದಿನಾ ಎರಡು ಹೊತ್ತು ಮೀಯುವವರು. ಯಾರಿಗೆ ಬೇಕೋ ಅವರಿಗೆ ಹೇಳಿ” ಎಂದರು.

ಆ ಮಾತಿನ ಬಿಸಿ ಎಲ್ಲಿಂದ ಬಂತು ಎಂದು ಬಹಳ ದಿನ ಯೋಚಿಸಿದೆ. ನಮ್ಮಲ್ಲಿ ‘ಮೈ ತೊಳೆದುಕೊಂಡು ಬಾ’ ಎನ್ನುವ ಮಾತು ಯಾವತ್ತೂ ಬರಿಯ ನೈರ್ಮಲ್ಯದ ಮಾತಾಗಿರಲಿಲ್ಲ. ಯಾರು ಯಾವ ಬಾವಿಕಟ್ಟೆ ಹತ್ತಬಹುದು, ಯಾರು ಯಾವ ಕೆರೆಯ ಮೆಟ್ಟಿಲಿಳಿಯಬಹುದು ಎಂಬ ಲೆಕ್ಕ ಆ ಮಾತಿನ ಬೆನ್ನಿಗಿದೆ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯ ನೀರನ್ನು ಅಂಬೇಡ್ಕರ್ ಮತ್ತು ಸಂಗಾತಿಗಳು ಕುಡಿದರು. ಆಮೇಲೆ ಸವರ್ಣೀಯರು ಪಂಚಗವ್ಯ ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು. 1964ರ ಜೂನ್ 18ರಂದು ಫ್ಲಾರಿಡಾದ ಸೇಂಟ್ ಆಗಸ್ಟೀನ್ ಊರಿನ ಒಂದು ವಸತಿಗೃಹದಲ್ಲಿ ಕಪ್ಪು ಮತ್ತು ಬಿಳಿ ಹೋರಾಟಗಾರರು ಒಟ್ಟಿಗೆ ಕೊಳಕ್ಕೆ ಇಳಿದಾಗ, ಮಾಲೀಕ ಬಂದು ನೀರಿಗೆ ಆಮ್ಲ ಸುರಿದ. ಕೊಳಗಳನ್ನು ಶುಚಿ ಮಾಡಲು ಇಡುವ ಆಮ್ಲವೇ ಅದು. ಆ ಫೋಟೋ ಜಗತ್ತಿನ ಪತ್ರಿಕೆಗಳಲ್ಲಿ ಬಂತು. ಶುದ್ಧಿಯ ಹೆಸರಿನಲ್ಲಿ ನೀರಿಗೆ ಏನೇನು ಸುರಿಯಲಾಗಿದೆ ಎಂದು ನೋಡಿದರೆ, ತೊಳೆದುಕೊಳ್ಳಿ ಎಂದಾಗ ಒಬ್ಬರಿಗೆ ಸಿಟ್ಟು ಬರುವುದೂ ಇನ್ನೊಬ್ಬರಿಗೆ ‘ಅದು ನನಗೆ ಹೇಳಿದ್ದಲ್ಲ’ ಅನಿಸುವುದೂ ಆಶ್ಚರ್ಯವಲ್ಲ.

ಮಡಿಯ ಲೆಕ್ಕದಲ್ಲಿ ಒಬ್ಬರು ಶುದ್ಧ, ಇನ್ನೊಬ್ಬರು ಮೈಲಿಗೆ. ಯೂರಿಯಾದ ಲೆಕ್ಕದಲ್ಲಿ ಅಂಥ ಭೇದವಿಲ್ಲ. ಬೆಳಿಗ್ಗೆ ಮಿಂದವರೂ ಸ್ಕೂಟರಿನಲ್ಲಿ ಕರಾವಳಿಯ ಸೆಕೆಯಲ್ಲಿ ಹತ್ತು ನಿಮಿಷ ಬಂದರೆ ಬೆವರುತ್ತಾರೆ. ಆ ಬೆವರಿಗೆ ಕುಲ ಇಲ್ಲ, ಶುಲ್ಕದ ರಸೀದಿ ಇಲ್ಲ. ಕೊಳದ ಬದಿಯ ಶವರ್ ಕೇಳುವುದು ‘ನೀನು ಯಾರು’ ಎಂದಲ್ಲ. ‘ಈಗಷ್ಟೇ ಬಂದೆಯಾ’ ಎಂದಷ್ಟೇ.

ಇದನ್ನೆಲ್ಲ ಬೋರ್ಡಿನಲ್ಲಿ ಬರೆಯಲಾಗುವುದಿಲ್ಲ. ಆದರೆ ಬೋರ್ಡು ಬರೆಯುವ ಕೆಲಸ ನನಗೇ ಬಂತು. “ನೀವು ಕನ್ನಡದಲ್ಲಿ ಪಿಎಚ್‌ಡಿ ಮಾಡುವವರಲ್ವಾ, ಜನ ಓದುವ ಹಾಗೆ ಬರೆದು ಕೊಡಿ” ಎಂದರು ಕೋಚ್. ಮೊದಲಿದ್ದದ್ದು ‘ಶುಚಿಯಾಗಿ ಸ್ನಾನ ಮಾಡಿ ಕೊಳವನ್ನು ಪ್ರವೇಶಿಸತಕ್ಕದ್ದು.’ ‘ಶುಚಿ’ಯನ್ನು ಮೊದಲು ಹೊಡೆದು ಹಾಕಿದೆ. ‘ಪ್ರವೇಶಿಸತಕ್ಕದ್ದು’ ಎನ್ನುವುದರಲ್ಲಿ ದೇವಸ್ಥಾನದ ಬಾಗಿಲಿನ ಧ್ವನಿ ಇತ್ತು, ಅದನ್ನೂ ತೆಗೆದೆ. ‘ದಯವಿಟ್ಟು’ ಹಾಕಿದರೆ ಯಾರೂ ಮುಂದಿನದನ್ನು ಓದುವುದಿಲ್ಲ. ನಾಲ್ಕು ದಿನ ತಿದ್ದಿ, ಕೊನೆಗೆ ಉಳಿದದ್ದು ಹೀಗೆ:

‘ಕಣ್ಣು ಉರಿಯುವುದು ಮದ್ದಿನಿಂದ ಮಾತ್ರ ಅಲ್ಲ, ನಮ್ಮೆಲ್ಲರ ಬೆವರು ಮದ್ದಿನ ಜೊತೆ ಸೇರಿದ್ದರಿಂದ. ಮನೆಯಲ್ಲಿ ಮಿಂದು ಬಂದಿದ್ದರೂ ಇಲ್ಲಿ ಒಂದು ನಿಮಿಷ ನೀರಿನ ಕೆಳಗೆ ನಿಂತು ಇಳಿಯೋಣ.’

ಪ್ರಬಂಧದ ಒಂದು ಅಧ್ಯಾಯಕ್ಕೂ ನಾನು ಇಷ್ಟು ತಿದ್ದಿರಲಿಲ್ಲ. ದೊಡ್ಡವರು ಈ ಬೋರ್ಡನ್ನು ಎಷ್ಟು ಓದಿದರೋ ಗೊತ್ತಾಗುವುದಿಲ್ಲ. ಆ ಹಿರಿಯರು ಈಗಲೂ ನೇರವಾಗಿ ಏಣಿ ಹಿಡಿದು ಇಳಿಯುತ್ತಾರೆ. ಹಿಡಿದುಕೊಂಡವರು ಮಕ್ಕಳು. ಅವರಿಗೆ ‘ಒಂದು ನಿಮಿಷ’ ಎಂಬುದು ಆಟವಾಗಿ ಸಿಕ್ಕಿತು. ಶವರಿನ ಕೆಳಗೆ ಸಾಲಾಗಿ ನಿಂತು ಅರವತ್ತರ ತನಕ ಕೂಗಿ ಎಣಿಸುತ್ತಾರೆ, ನಲವತ್ತರಲ್ಲಿ ಓಡಲು ನೋಡಿದವನನ್ನು ಹಿಡಿದು ಎಳೆಯುತ್ತಾರೆ. ಕಿಟಕಿಗಳನ್ನು ತೆರೆದಿಡಲು ಕೋಚ್ ಶುರುಮಾಡಿದ್ದಾರೆ. ಸಂಜೆ ಸೊಳ್ಳೆ ಬರುತ್ತದೆ ಎಂದು ಅದಕ್ಕೂ ದೂರುಗಳಿವೆ.

ಸೀನು ಪೂರ್ತಿ ಹೋಗಿಲ್ಲ. ಭಾನುವಾರ ಸಂಜೆ ನಾನು ಕೊಳದ ಕಡೆ ತಲೆ ಹಾಕುವುದಿಲ್ಲ. ಮಂಗಳವಾರ, ಗುರುವಾರ ಬೆಳಗ್ಗಿನ ಮೊದಲ ಬ್ಯಾಚಿಗೆ ಕೆಮ್ಮಣ್ಣಿನಿಂದ ಮೊದಲ ಬಸ್ಸು ಹಿಡಿದು ಹೋಗುತ್ತೇನೆ. ಆ ಹೊತ್ತಿಗೆ ನೀರಿಗೆ ಯಾರ ವಾಸನೆಯೂ ಹತ್ತಿರುವುದಿಲ್ಲ. ಈಗ ನಿಲ್ಲದೆ ಇಪ್ಪತ್ತೈದು ಮೀಟರು ಹೋಗಿ ತಿರುಗಿ ಬರಬಲ್ಲೆ. ಹೆಗಲ ನೋವು ಕಡಿಮೆಯಾಗಿದೆ. ಅಮ್ಮ ಎಣ್ಣೆಯ ಕುಪ್ಪಿಯನ್ನು ಈಗ ಚೀಲದ ಹೊರಗಿನ ಖಾನೆಯಲ್ಲಿ ಇಡುತ್ತಾಳೆ, “ಮೇಲೆ ಬಂದ ಮೇಲೆಯೇ ಹಾಕು ಆಯ್ತಾ” ಎಂದು ತಾನೇ ಹೇಳಿದಂತೆ ಹೇಳುತ್ತಾಳೆ.